‘ಡೈವೋರ್ಸ್ ನಡದೈತಿ’ ಅಂದ್ರ ಅಂವ ಇನ್ನೂ ಒಬ್ಬಾಕಿ ಗಂಡ

ಧಾರವಾಡದಾಗ ಫ್ಯಾಮಿಲಿ ಕೇಸ್ ನಡಸಕೊಂತ ಇಪ್ಪತ್ತು ವರ್ಷ ಆತು, ಈ ಅಂಕಣಕ್ಕ ಈ ಸಲಾನೂ ಬಂದ ಪ್ರಶ್ನೆದಾಗ ಅರ್ಧಕ್ಕರ್ಧ ಮದುವಿ ಮುಚ್ಚಿಟ್ಟ ಗಂಡಸ್ರ ಅದ ಕಥಿ, ಊರಷ್ಟ ಬ್ಯಾರೆ. ಅದಕ್ಕ ಒಂದಕ್ಕ ಪೂರ್ತಿ ಉತ್ತರ ಬರೀತೀನಿ, ಉಳದವ್ರು ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ (ಹಾವೇರಿ ಕಡಿಯಾಕಿ, 27 ವರ್ಷ): ಮ್ಯಾಟ್ರಿಮನಿ ಆ್ಯಪ್‌ನಾಗ ಸಿಕ್ಕ ಹುಬ್ಬಳ್ಳಿ ಹುಡುಗನ ಜೋಡಿ ಒಂದೂವರೆ ವರ್ಷದಿಂದ ಓಡಾಡೇನ್ರಿ. ಹೋದ ತಿಂಗಳ ಅಂವಗ ಹೆಂಡ್ತಿ, ಮಗು ಇದ್ದದ್ದು ಗೊತ್ತಾತು. ಕೇಳಿದ್ರ ‘ಡೈವೋರ್ಸ್ ನಡದೈತಿ, ಸದ್ಯಾ ಗುಡಿಯಾಗ ತಾಳಿ ಕಟ್ತೀನಿ’ ಅಂತಾನ. ನಂಬ್ಲೋ ಬ್ಯಾಡೋ?

ಉತ್ತರ: ನಡದೈತಿ ಅಂದ್ರ ಮುಗದಿಲ್ಲವಾ ತಂಗಿ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮೊದಲನೇ ಮದುವಿ ಇರೂತನಕ ಎರಡನೇ ತಾಳಿಗೆ ಕಿಮ್ಮತ್ತಿಲ್ಲ, ಗುಡಿಯಾಗ ಕಟ್ಟಲಿ ಕಲ್ಯಾಣಮಂಟಪದಾಗ ಕಟ್ಟಲಿ. ನಾಳೆ ಮಗು ಹುಟ್ಟಿದ್ರ ಕಾಯ್ದೆ ಆ ಮಗೂನ ಒಪ್ಪತೈತಿ, ನಿಮ್ಮನ್ನ ಹೆಂಡ್ತಿ ಅಂತ ಒಪ್ಪೂದಿಲ್ಲ.

ಕೇಸ್ ಖರೇನ ಐತೇನು ಅಂತ ನೋಡೂದು ಬಾಳ ಸಸಾರ. ಅಂವನ ಹತ್ರ ಸಿಎನ್ಆರ್ ನಂಬರ್, ಅಂದ್ರ ಕೋರ್ಟ್ ಒಂದೊಂದು ಕೇಸಿಗೂ ಕೊಡೂ ನಂಬರ್ ಕೇಳ್ರಿ, ಅಕ್ಷರ ಅಂಕಿ ಕೂಡಿ 16 ಇರ್ತಾವು, ಕೋರ್ಟಿನವ್ರದ ಇಕೋರ್ಟ್ಸ್ ಆ್ಯಪ್‌ನಾಗ ಹಾಕಿದ್ರ ಮುಂದಿನ ತಾರೀಖು ಸುದ್ದಾ ತೋರಸ್ತೈತಿ. ಕೇಸ್ ಇದ್ದಾಂವ ಅರ್ಧ ನಿಮಿಷದಾಗ ನಂಬರ್ ಕಳಸ್ತಾನ. ಇಲ್ಲದಾಂವ ‘ನನ್ನ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನು’ ಅಂತ ಕಣ್ಣೀರು ಹಾಕ್ತಾನ. ಆಧಾರ್ ಕಾರ್ಡ್ ತೋರಸ್ಯಾನ ಅಂತಾರ ಕೆಲವ್ರು, ಆಧಾರ್‌ನಾಗ ಮದುವಿ ಆಗೇತೋ ಇಲ್ಲೋ ಇರೂದಿಲ್ಲರಿ, ರೇಷನ್ ಕಾರ್ಡ್ ಕೇಳ್ರಿ.

ಇನ್ನೊಂದು ಸೋಡಚೀಟಿ, ಅಂದ್ರ ಕೋರ್ಟಿಗೆ ಹೋಗದ ಪಂಚರ ಮುಂದ ಗಂಡ-ಹೆಂಡ್ತಿ ಬಿಟ್ಟೀವಿ ಅಂತ ಬರಸೂ ಕಾಗದ. ಗದಗ ಕಡಿಯಾಕಿ ಒಬ್ಬಾಕಿ ನನ್ನ ಟೇಬಲ್ ಮ್ಯಾಲ ನೂರು ರೂಪಾಯಿ ಸ್ಟಾಂಪ್ ಪೇಪರ್ ಇಟ್ಲು, ಪ್ಲಾಸ್ಟಿಕ್ ಕವರ್‌ನಾಗ ಹಾಕಿ ಮಡಚದಂಗ ಕಾಪಾಡಿದ್ಲು, ನೋಟರಿ ಸಿಕ್ಕಾ, ಐದು ಮಂದಿ ಪಂಚರ ಸಹಿ, ಎಲ್ಲಾ ಇತ್ತು. ‘ಇದನ್ನ ನೋಡೇ ಮದುವಿ ಆಗೇನ್ರಿ ಮೇಡಂ’ ಅಂದ್ಲು. ಹೇಳಾಕ ನನಗ ಬಾಯಿ ಬರಲಿಲ್ಲ. ಜಾತಿ ರೂಢಿಯೊಳಗ ಹಂಗ ಬಿಡೂ ಪದ್ಧತಿ ಐತಿ ಅಂತ ಕೋರ್ಟ್‌ನಾಗ ಸಾಬೀತು ಮಾಡಿದ್ರ ಬ್ಯಾರೆ ಮಾತು, ಇಲ್ಲಾಂದ್ರ ಅದು ಬರೇ ಕಾಗದ. ಇಂಥಾವು ಬರಕೊಡೂ ಮಂದಿ ಮ್ಯಾಲ ನನಗ ಗಂಡಸ್ರಕಿಂತ ಜಾಸ್ತಿ ಸಿಟ್ಟು.

ಈಗ ನಿಮ್ಮ ಪ್ರಶ್ನೆದಾಗ ನೀವು ಸರಳ ಬರದ ಬಿಟ್ಟ ಮಾತು, ‘ಹೋದ ತಿಂಗಳ ಗೊತ್ತಾತು.’ ಅಲ್ಲೇ ಐತಿ ಎಲ್ಲಾ. ಹೆಂಡ್ತಿ ಇದ್ದದ್ದು ಮುಚ್ಚಿಟ್ಟು ಮದುವಿ ಆದ್ರ ಭಾರತೀಯ ನ್ಯಾಯ ಸಂಹಿತೆ 82ನೇ ಕಲಂ ಪ್ರಕಾರ 10 ವರ್ಷದ ತನಕ ಶಿಕ್ಷೆ ಐತಿ. ಆದ್ರ ನೀವು ನಾಳೆ ತಾಳಿ ಕಟ್ಟಿಸಿಕೊಂಡ್ರ ಮುಚ್ಚಿಟ್ಟಿದ್ದ ಅನ್ನಾಕ ಬರೂದಿಲ್ಲ, ಗೊತ್ತಿದ್ದ ಆಗಿರಿ. ಮದುವಿ ಆಗ್ತೀನಂತ ಸುಳ್ಳು ಹೇಳಿ ದೇಹಸಂಬಂಧ ಬೆಳೆಸಿದ್ರ 69ನೇ ಕಲಂ ಐತಿ, ಅಲ್ಲೂ ಅಂವನ ವಕೀಲ್ರು ಮೊದಲು ಕೇಳೂದು ಅದನ್ನ, ಗೊತ್ತಾದ ಮ್ಯಾಲ ಎಷ್ಟು ದಿನ ಅಂವನ ಜೋಡಿ ಇದ್ರಿ ಅಂತ. ಚಾಟ್ ಅಳಿಸಬ್ಯಾಡ್ರಿ, ರೊಕ್ಕ ಕಳಿಸಿದ್ದು ಇದ್ರ ಬ್ಯಾಂಕ್ ಸ್ಟೇಟ್‌ಮೆಂಟ್ ತಗದ ಇಡ್ರಿ. ಆ ಹೆಂಡ್ತಿಗೆ ಫೋನ್ ಹಚ್ಚಿ ಜಗಳಾ ತೆಗೀಬ್ಯಾಡ್ರಿ, ಆಕಿನೂ ನಿಮ್ಮಂಗ ಮೋಸ ಹೋದಾಕಿ.

ಪ್ರಶ್ನೆ: ನನ್ನ ಹೆಂಡ್ತಿ ಜೋಡಿ ಸಂಬಂಧ ಇಟ್ಟಾಂವನ್ನ ಜೇಲಿಗೆ ಹಾಕ್ಸಬೇಕ್ರಿ.
ಉತ್ತರ: ಅದಕ್ಕ ಶಿಕ್ಷೆ ಕೊಡತಿದ್ದ ಹಳೇ ಐಪಿಸಿ 497ನೇ ಕಲಂ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಾಗ ಹೊಡದ ಹಾಕೇತಿ. ಡೈವೋರ್ಸಿಗೆ ಕಾರಣ ಆಗ್ತೈತಿ, ಅಷ್ಟ.

ಪ್ರಶ್ನೆ: ಗಂಡ ಬ್ಯಾರೆಯಾಕಿ ಬೆನ್ನ ಹತ್ಯಾನ, ವಶೀಕರಣದವ್ರು 21 ಸಾವಿರ ಕೇಳಾಕತ್ತಾರ.
ಉತ್ತರ: ಬಸ್‌ಸ್ಟ್ಯಾಂಡ್ ಗ್ವಾಡಿಗೆ ಚೀಟಿ ಅಂಟಿಸೂ ಮಂದಿಗೆ ಗಂಡನ್ನ ತಿರುಗಿಸೂ ಶಕ್ತಿ ಇದ್ದಿದ್ರ ನಿಮ್ಮ 21 ಸಾವಿರ ಯಾಕ ಬೇಕಿತ್ತು?

ಪ್ರಶ್ನೆ: ನನ್ನ ಮದುವಿ ಆಗೇತಿ ಅಂತ ಗೆಳತಿಗೆ ಹ್ಯಾಂಗ ಹೇಳಬೇಕು ಮೇಡಂ?
ಉತ್ತರ: ಇವತ್ತ, ಊಟಕ್ಕಿಂತ ಮೊದಲ. ಹೆಂಡ್ತಿಗೂ ಕೂಡೇ.