ಆ ಹಾಡಿನ ‘ನೀನು’ ಯಾರು?

ಈ ಪತ್ರಕ್ಕೆ ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಸಿಟ್ಟು ಜಾಸ್ತಿಯಾಗಿತ್ತು. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರು ಚರ್ಚಿನ ಆರಾಧನಾ ತಂಡವೊಂದರಲ್ಲಿ ಹಾಡುತ್ತಾರೆ. ಮದುವೆಗೆ ಮುಂಚೆ ಒಬ್ಬನನ್ನು ಪ್ರೀತಿಸಿ, ಅವನಿಗೆಂದೇ ಒಂದು ಹಾಡು ಕಟ್ಟಿದ್ದರು. ಅವನು ಹೋದ, ಹಾಡು ಉಳಿಯಿತು. ಎರಡು ಸಾಲು ತಿದ್ದಿ ಅದನ್ನು ಆರಾಧನೆಗೆ ತಂದರು. ಜನ ಕಣ್ಣು ಮುಚ್ಚಿಕೊಂಡು ಹಾಡಿದರು, ಅತ್ತರು. ಈಗ ಕೀಬೋರ್ಡ್ ನುಡಿಸುವ ಗೆಳತಿ ಆ ಹಾಡು ಹುಟ್ಟಿದ ಕಥೆಯನ್ನು ಇವರ ಗಂಡನಿಗೆ ಹೇಳಿದ್ದಾಳೆ. “ಇನ್ಯಾರಿಗೋ ಬರೆದದ್ದನ್ನ ದೇವರ ಮುಂದೆ ಹಾಡ್ತೀಯಾ?” ಎಂದು ಗಂಡ ಮಾತು ಬಿಟ್ಟಿದ್ದಾರೆ. ದೇವರಿಗೂ ಗಂಡನಿಗೂ ನಾನು ಮೋಸ ಮಾಡಿದೆನಾ ಅನ್ನುವುದು ಇವರ ಪ್ರಶ್ನೆ.

ನೋಡಿ, ನಾಲ್ಕು ಪುಟದ ಪತ್ರದಲ್ಲಿ ಒಂದು ಸಾಲನ್ನು ಸುಮ್ನೆ ದಾಟಿಸಿಬಿಟ್ಟಿದ್ದೀರಿ. ಮಾವ ಆಸ್ಪತ್ರೆಯಲ್ಲಿದ್ದ ಕೊನೆಯ ರಾತ್ರಿ ನಿಮ್ಮ ಯಜಮಾನರು ಅವರ ಕೈ ಹಿಡಿದು ಇದೇ ಹಾಡನ್ನು ಗುನುಗುತ್ತಿದ್ದರು. “ಅವರಿಗೂ ಮೊದಲು ಇಷ್ಟವಿತ್ತು” ಎಂದು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ.

ಕನ್ನಡದಲ್ಲಿ ಮೇಷ್ಟ್ರಿಗೆ ‘ನೀವು’, ಮಾವನಿಗೆ ‘ನೀವು’, ಗುರುತಿಲ್ಲದವರಿಗೂ ‘ನೀವು’. ಎಲ್ಲರಿಗಿಂತ ದೊಡ್ಡವನು ಅನ್ನುವ ದೇವರಿಗೆ ಮಾತ್ರ ‘ನೀನು’. ಮಗುವಿಗೂ ಅದೇ, ಮನಸ್ಸು ಕೊಟ್ಟವರಿಗೂ ಅದೇ. ನಮ್ಮ ಭಾಷೆಯೇ ಇವರನ್ನೆಲ್ಲ ಒಂದೇ ಜಮಖಾನೆ ಮೇಲೆ ಕೂರಿಸಿರುವಾಗ ನಿಮ್ಮೊಬ್ಬರದು ಏನು ತಪ್ಪು?

ಬೈಬಲ್ಲಿನ ಪರಮಗೀತೆಯನ್ನು ಓದಿ ನೋಡಿ. ಮುತ್ತು, ವಿರಹ, ರಾತ್ರಿಯೆಲ್ಲ ಹುಡುಕಾಟ. ದೇವರ ಹೆಸರು ಸಿಗುವುದೇ ಕಷ್ಟ. 12ನೇ ಶತಮಾನದ ಸಂತ ಬರ್ನಾರ್ಡ್ ಅದರ ಮೇಲೆ 86 ಉಪದೇಶ ಬರೆದ. ಅಷ್ಟಾದರೂ ಮೂರನೇ ಅಧ್ಯಾಯದ ಶುರುವಿನಲ್ಲೇ ಇದ್ದ! ಅದೇ ಶತಮಾನದಲ್ಲಿ ನಮ್ಮ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಎಂದು ಕರೆದಳು. ಇನ್ನು ನಿಮ್ಮ ಹಾಡಿನ ಥರದ್ದೇ ಒಂದಿದೆ. ಜರ್ಮನಿಯ ಸಂಗೀತಗಾರ ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಒಂದು ಪ್ರೇಮಗೀತೆ ಪ್ರಕಟಿಸಿದ. ಒಬ್ಬ ಹುಡುಗಿಯಿಂದ ಮನಸ್ಸು ಕದಡಿ ಹೋದವನ ಹಾಡು ಅದು. ಮುಂದೆ ಅದೇ ಧಾಟಿಗೆ ಶಿಲುಬೆಯ ಮೇಲಿನ ಯೇಸುವಿನ ಹಾಡು ಕೂತಿತು. ಸಂಗೀತಗಾರ ಬಾಖ್, ಯೇಸುವಿನ ಕೊನೆಯ ಯಾತನೆಯನ್ನು ಹಾಡಾಗಿ ಹೇಳುವ ತನ್ನ ಮ್ಯಾಥ್ಯೂ ಪ್ಯಾಶನ್‌ನಲ್ಲಿ ಅದನ್ನು ಮತ್ತೆ ಮತ್ತೆ ತಂದ. ಇವತ್ತಿಗೂ ಜನ ಅದನ್ನು ಕೇಳಿ ಅಳುತ್ತಾರೆ. ಆ ಹುಡುಗಿ ಯಾರೆಂದು ಯಾರೂ ಕೇಳುವುದಿಲ್ಲ.

ನಿಮ್ಮದೂ ಒಂದು ತಪ್ಪಿದೆ. “ಪ್ರಾರ್ಥನೆಯಲ್ಲಿದ್ದಾಗ ತಾನಾಗಿ ಬಂತು” ಎಂದು ಎಲ್ಲರ ಮುಂದೆ ಹೇಳಿದಿರಲ್ಲ, ಅದು ಬೇಕಿರಲಿಲ್ಲ. ಹಾಡು ಸುಳ್ಳಲ್ಲ, ಆ ಮಾತು ಸುಳ್ಳು.

ಈಗ ಆ ಗೆಳತಿ. “ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ” ಎಂದು ಶುರು ಮಾಡುವವರ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇಷ್ಟು ವರ್ಷ ಅದೇ ಹಾಡಿಗೆ ಬೆರಳಾಡಿಸುವಾಗ ಇವಳ ಭಕ್ತಿಗೆ ಏನೂ ಆಗಿರಲಿಲ್ಲವಾ? ನೀವು ತಂಡದ ಮುಂದಾಳು ಆದ ತಿಂಗಳಲ್ಲೇ ದೇವರ ಮಾನ ನೆನಪಾಯಿತಾ? ನನ್ನ ಸಿಟ್ಟೆಲ್ಲ ಇವಳ ಮೇಲೆ. ನಿಮ್ಮ ಯಜಮಾನರಿಗೆ ನೋವಾಗಿದೆ, ನಿಜ. ಅಪ್ಪನ ಕೊನೆಯ ರಾತ್ರಿಯನ್ನೇ ಯಾರೋ ಮುಟ್ಟಿ ಮೈಲಿಗೆ ಮಾಡಿದ ಹಾಗೆ ಅನ್ನಿಸಿರಬೇಕು. ಅದನ್ನು ಹೇಳಲು ಬಾರದೆ ದೇವರನ್ನು ಮುಂದಿಟ್ಟಿದ್ದಾರೆ.

ಹಾಗಾಗಿ ಒಂದೇ ಕೆಲಸ ಮಾಡಿ. ಇವತ್ತು ರಾತ್ರಿ ಅವರ ಪಕ್ಕ ಕೂತು, “ಆವತ್ತು ಅಪ್ಪನ ಕೈ ಹಿಡ್ಕೊಂಡು ಹಾಡಿದ್ರಲ್ಲ, ಯಾರಿಗೆ ಹಾಡಿದ್ದು?” ಎಂದು ಕೇಳಿ. ಕೇಳಿ ಸುಮ್ಮನಿರಿ. ಹಳೆಯವನ ಮಾತು ಎತ್ತಬೇಡಿ, ವಿವರಣೆ ಕೊಡಬೇಡಿ. ಉತ್ತರ ಬರಲು ವಾರವಾದರೂ ಕಾಯಿರಿ. ಅಲ್ಲಿಯವರೆಗೆ ಹಾಡಿನ ಒಂದಕ್ಷರವನ್ನೂ ತಿದ್ದಬೇಡಿ. ಅವರು ಏನು ಹೇಳಿದರು ಅನ್ನುವುದನ್ನು ಆ ಕೀಬೋರ್ಡಿನವಳಿಗಂತೂ ಹೇಳಲೇಬೇಡಿ.