ಹಳೇ ಸ್ಪೀಕರ್ ಅಂಗಡಿಯಲ್ಲಿ ಕೊಳ್ಳೋದಾ, ಮನೆಯವರ ಹತ್ತಿರಾನಾ?

ಹಾಸನದಲ್ಲಿದ್ದುಕೊಂಡು ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್, ಸ್ಪೀಕರ್ ಕೊಳ್ಳೋಕೆ ಬೆಂಗಳೂರಿನ ಅಂಗಡಿಗೆ ಹೋಗಬೇಕೋ, ಮನೆಯಲ್ಲಿಟ್ಟುಕೊಂಡವರ ಹತ್ತಿರ ತಗೋಬೇಕೋ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನೂ ಮೂಡಿಗೆರೆ ಕಡೆಯ ತೋಟದ ಮನೆಯೊಂದಕ್ಕೆ ಹೋಗಿದ್ದೆ. ಮಧ್ಯದವರ ಲಾಭ ಉಳಿಯುತ್ತಲ್ಲ ಅಂತ. ಯಜಮಾನರು ಕಾಫಿ ಕೊಟ್ಟು ಕೂರಿಸಿ ಹಾಡು ಹಾಕಿದರು. ಸಣ್ಣ ಧ್ವನಿಯಲ್ಲಿ ಎಷ್ಟು ಇಂಪಾಗಿತ್ತೆಂದರೆ ಅಲ್ಲೇ ದುಡ್ಡು ಎಣಿಸಿಬಿಟ್ಟೆ.

ಸ್ಪೀಕರ್ ಮುಂದಿನ ಬಟ್ಟೆಯ ಫ್ರೇಮ್ ಬಿಚ್ಚಿ ನೋಡಲಿಲ್ಲ. ನನ್ನ ದುಡ್ಡು ಹೋಗಿದ್ದು ಅದೊಂದರಿಂದಲೇ. ಆ ಬಟ್ಟೆಯ ಹಿಂದೆ ಕೋನ್, ಅಂದರೆ ಅಲುಗಾಡಿ ಸದ್ದು ಹೊರಡಿಸೋ ಆಲಿಕೆಯಂಥ ಭಾಗ ಇರುತ್ತೆ, ಕೋನ್ ಅಂಚಿಗೆ ಬಳೆಯ ಹಾಗೆ ಸುತ್ತಲೂ ಫೋಮ್ ಅಂಟಿಸಿರುತ್ತಾರೆ. 1970, 80ರ ದಶಕದ ಎಷ್ಟೋ ಸ್ಪೀಕರ್‌ಗಳಲ್ಲಿ ಅದು ಪಾಲಿಯುರೆಥೇನ್ ಫೋಮ್. ಗಾಳಿಯಲ್ಲಿರೋ ತೇವಕ್ಕೇ ಅದು ಕೊಳೆಯುತ್ತೆ, ಹಾಡು ಹಾಕದೆ ಸುಮ್ಮನೆ ಇಟ್ಟರೂ ವರ್ಷಗಳು ಕಳೆದಂತೆ ಪುಡಿಯಾಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಫೋಮ್ ಉಳಿಯೋದು ಹೇಗೆ? ಸಣ್ಣ ಧ್ವನಿಯಲ್ಲಿ ಕೋನ್ ಹೆಚ್ಚು ಅಲುಗಾಡಲ್ಲ, ಅದಕ್ಕೇ ಬಿರುಕು ಬಿಟ್ಟಿದ್ದರೂ ಅಲ್ಲಿ ಗೊತ್ತಾಗಲಿಲ್ಲ. ಮನೆಗೆ ತಂದು ವಾಲ್ಯೂಮ್ ಏರಿಸಿದೆ. ಮೃದಂಗ ಶುರುವಾಗುತ್ತಿದ್ದಂತೆ ಫೋಮ್ ಹರಿದು ಕೋನ್ ವಾಲಿತು, ಕೋನ್ ಹಿಂದೆ ಅಂಟಿಕೊಂಡಿರೋ ತಂತಿ ಸುರುಳಿ (ವಾಯ್ಸ್ ಕಾಯಿಲ್) ಮ್ಯಾಗ್ನೆಟ್‌ಗೆ ಉಜ್ಜಿ ಕರಕರ ಅನ್ನತೊಡಗಿತು. ರಿಪೇರಿಗೆ ಕೊಟ್ಟರೆ ಫೋಮ್ ಮಾತ್ರ ಬದಲಿಸೋದು ಬಿಟ್ಟು ಯಾವುದೋ ಮೈಕ್ ಸೆಟ್ಟಿನ ಕೋನ್ ಕೂರಿಸಿದರು. ಈಗ ಸದ್ದೇನೋ ಬರುತ್ತೆ, ಆ ಇಂಪಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತೆ. ಮಾರೋರು ಯಾರಾದರೂ ಆಗಲಿ, ಸೆಟ್ಟು ಮಳೆಗಾಲಗಳನ್ನು ಎಲ್ಲಿ ಕಳೆದಿದೆ ಅಂತ ಕೇಳಿ. ಈ ಕಾರಣಕ್ಕೆ ಇವತ್ತೂ ನಾನು ಮನೆಗೇ ಹೋಗ್ತೀನಿ: ಗೋಡೆ ತೇವ ಇದೆಯಾ, ಕೋಣೆಗೆ ಬಿಸಿಲು ಬೀಳುತ್ತಾ ಅನ್ನೋದು ಕಣ್ಣಿಗೆ ಕಾಣುತ್ತೆ. ಅಂಗಡಿಯಲ್ಲಿ ಆ ಗುರುತೆಲ್ಲ ಒರೆಸಿ ಹೋಗಿರುತ್ತೆ. ವಾಲ್ಯೂಮ್ ಗುಂಡಿಗೆ ಕ್ಲೀನರ್ ಹೊಡೆದಿಟ್ಟರೆ ಅದನ್ನು ತಿರುಗಿಸುವಾಗ ಬರೋ ಗರಗರ ಸದ್ದು ಕೂಡ ಆ ದಿನ ಕೇಳಲ್ಲ. ಒಂದು ತಿಂಗಳ ಗ್ಯಾರಂಟಿ ಕೊಡ್ತಾರೆ ಅಂತ ಜಾಸ್ತಿ ದುಡ್ಡು ಸುರಿಯಬೇಡಿ, ಆ ಭಾರ ಹೊತ್ತುಕೊಂಡು ಮತ್ತೆ ಬೆಂಗಳೂರಿಗೆ ಹೋಗೋರು ನೀವೇ.

ಎಲ್ಲಿ ತಗೊಂಡರೂ ಫ್ರೇಮ್ ಬಿಚ್ಚಿಸಿ, ಟಾರ್ಚ್ ಬಿಟ್ಟು, ಫೋಮನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಬೆರಳಿಗೆ ಪುಡಿ ಅಥವಾ ಅಂಟು ಹತ್ತಿದರೆ ಬೇಡ. ರಬ್ಬರ್ ಅಂಚಿನದು ಸಿಕ್ಕರೆ ನಮ್ಮ ಹವೆಗೆ ಅದೇ ವಾಸಿ. ಅರ್ಧ ಗಂಟೆ ಬಿಡದೆ, ಜೋರಾಗಿ ಹಾಡಿಸಿ. ಆಂಪ್ಲಿಫೈಯರ್ ಅಮೆರಿಕದಿಂದ ತಂದದ್ದು ಅಂದರೆ ಅದರ ಹಿಂಭಾಗದಲ್ಲಿ ಎಷ್ಟು ವೋಲ್ಟ್ ಅಂತ ಬರೆದಿರೋ ಪಟ್ಟಿ ಓದದೆ ಪ್ಲಗ್ ಹಾಕಲೇಬೇಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230.