ಯುಎಇ ಪ್ರವಾಸ: ಪಾಸ್‌ಪೋರ್ಟಿನ ಹೆಸರು, ಮಾತ್ರೆ ಡಬ್ಬಿ, ಬಿಸಿಲು

ದುಬೈ, ಅಬುಧಾಬಿ, ಶಾರ್ಜಾ ಕಡೆಗೆ ಪ್ರವಾಸ ಹೊರಟ ಓದುಗರಿಂದ ಬಂದ ಪ್ರಶ್ನೆಗಳಿವು. ವೀಸಾ ನಿಯಮಗಳು ಅಲ್ಲಿ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡಿಸುವ ಮುನ್ನ ನಿಮ್ಮ ಏರ್‌ಲೈನ್‌ನವರ ಬಳಿ ಒಮ್ಮೆ ಕೇಳಿಕೊಳ್ಳಿ.

ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಪದ, ಸರ್‌ನೇಮ್ ಜಾಗ ಖಾಲಿ. ಇದರಿಂದ ತೊಂದರೆಯಾಗುತ್ತದೆಯೇ? (ಹಾಸನ)

ಆಗಬಹುದು. ಇನಿಶಿಯಲ್ ಬಳಸುವ ರೂಢಿ ಇರುವುದರಿಂದ ನಮ್ಮ ಕಡೆಯವರನ್ನೇ ಇದು ಹೆಚ್ಚು ಕಾಡುತ್ತದೆ. ಆಧಾರ್‌ನಲ್ಲಿ ‘ಮಂಜುನಾಥ ಕೆ. ಆರ್.’ ಎಂದಿರುತ್ತದೆ, ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಟ್ಟುಹೋಗಿ ಗಿವನ್ ನೇಮ್‌ನಲ್ಲಿ ‘ಮಂಜುನಾಥ’ ಮಾತ್ರ ಉಳಿಯುತ್ತದೆ. ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು 2022ರ ನವೆಂಬರ್‌ನಲ್ಲಿ ಯುಎಇ ಕಡೆಯಿಂದ ಸೂಚನೆ ಬಂತು. ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿ, ಪಾಸ್‌ಪೋರ್ಟಿನ ಎರಡನೇ ವಿವರ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಪರಿಗಣಿಸಬಹುದು ಎಂದರು. ಆದರೂ ಕೌಂಟರಿನಲ್ಲಿ ಕೂತ ಏರ್‌ಲೈನ್ ಸಿಬ್ಬಂದಿ ಮೊದಲು ನೋಡುವುದು ಮೊದಲ ಪುಟವನ್ನೇ. ಪ್ರಯಾಣಿಕನನ್ನು ಅಲ್ಲಿಂದ ವಾಪಸು ಕಳಿಸಿದರೆ ಖರ್ಚು ಏರ್‌ಲೈನ್ ತಲೆಗೆ ಬರುತ್ತದೆ, ಹಾಗಾಗಿ ಅನುಮಾನ ಬಂದರೆ ಅವರು ಹತ್ತಿಸಿಕೊಳ್ಳುವುದೇ ಇಲ್ಲ.

ಹೊರಡಲು ಎರಡು ತಿಂಗಳಾದರೂ ಇದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಸರ್‌ನೇಮ್ ಸೇರಿಸಿಕೊಳ್ಳಿ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ‘ವೈಯಕ್ತಿಕ ವಿವರಗಳ ಬದಲಾವಣೆ’ ಎಂಬ ಕಾರಣವನ್ನು ಆರಿಸಬೇಕು. 36 ಪುಟದ ಪುಸ್ತಕಕ್ಕೆ ಶುಲ್ಕ ₹1,500, ತತ್ಕಾಲ್ ಆದರೆ ₹2,000 ಹೆಚ್ಚುವರಿ. ಅದಕ್ಕೂ ಮೊದಲು ಆಧಾರ್ ಮತ್ತು ಪ್ಯಾನ್‌ನಲ್ಲಿ ಹೊಸ ರೂಪದ ಹೆಸರು ಬಂದಿರಲಿ. ಈ ಕ್ರಮ ತಿರುಗುಮುರುಗಾಗಿಯೇ ಹೆಚ್ಚಿನ ಅರ್ಜಿಗಳು ನಿಲ್ಲುತ್ತವೆ. ಗಿವನ್ ನೇಮ್ ಜಾಗದಲ್ಲೇ ಎರಡು ಪೂರ್ಣ ಪದಗಳಿದ್ದರೆ ಸರ್‌ನೇಮ್ ಖಾಲಿ ಇದ್ದರೂ ಸಾಮಾನ್ಯವಾಗಿ ಅಡ್ಡಿಯಾಗದು. ಟಿಕೆಟ್ಟು, ವೀಸಾ, ಪಾಸ್‌ಪೋರ್ಟು ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇರಬೇಕು.

ನನ್ನ ಬಳಿ ಅಮೆರಿಕದ ಪ್ರವಾಸಿ ವೀಸಾ ಇದೆ, ಹೆಂಡತಿಗೆ ಇಲ್ಲ. ಇಬ್ಬರೂ ಯುಎಇಯಲ್ಲಿ ಇಳಿದ ಮೇಲೆ ವೀಸಾ ಪಡೆಯಬಹುದೇ? (ಬೆಂಗಳೂರು)

ನಿಮಗೆ ಆಗುತ್ತದೆ, ಅವರಿಗೆ ಆಗುವುದಿಲ್ಲ. ಸಾಮಾನ್ಯ ಭಾರತೀಯ ಪಾಸ್‌ಪೋರ್ಟಿಗೆ ಅಲ್ಲಿ ಇಳಿದ ಮೇಲೆ ವೀಸಾ ಕೊಡುವುದಿಲ್ಲ. ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ 14 ದಿನದ ವೀಸಾ ಸಿಗುತ್ತದೆ, ಶುಲ್ಕ 100 ದಿರ್ಹಮ್. ಅದಕ್ಕೆ ನಿಮ್ಮ ಪಾಸ್‌ಪೋರ್ಟು ಮತ್ತು ಅಮೆರಿಕದ ವೀಸಾ ಎರಡಕ್ಕೂ ಕನಿಷ್ಠ 6 ತಿಂಗಳ ಅವಧಿ ಬಾಕಿ ಇರಬೇಕು. ದುಬೈಗೆ ಇಳಿಯುವವರು ಅಲ್ಲಿನ ವಲಸೆ ಇಲಾಖೆಯಾದ ಜಿಡಿಆರ್‌ಎಫ್‌ಎ ಜಾಲತಾಣದಲ್ಲಿ ಮೊದಲೇ ಅರ್ಜಿ ಹಾಕಿಕೊಂಡು ಒಪ್ಪಿಗೆ ಪತ್ರದ ಪ್ರಿಂಟ್ ಹಿಡಿದು ಹೊರಡುವುದು ಲೇಸು.

ಹೆಂಡತಿಗೆ 30 ಅಥವಾ 60 ದಿನದ ಪ್ರವಾಸಿ ವೀಸಾ ಮೊದಲೇ ಮಾಡಿಸಬೇಕು. ಏರ್‌ಲೈನ್, ಹೋಟೆಲ್ ಅಥವಾ ಟ್ರಾವೆಲ್ ಏಜೆನ್ಸಿ ಮೂಲಕ ಆಗುತ್ತದೆ. ಪಾಸ್‌ಪೋರ್ಟಿನ ಎರಡೂ ವಿವರ ಪುಟಗಳು, ಹೊರಗಿನ ರಟ್ಟಿನ ಪ್ರತಿ, ಬಿಳಿ ಹಿನ್ನೆಲೆಯ ಫೋಟೊ, ಹೋಗಿಬರುವ ಟಿಕೆಟ್, ಹೋಟೆಲ್ ಬುಕಿಂಗ್ ಬೇಕಾಗುತ್ತವೆ. ಸಂಬಂಧಿಕರ ಮನೆಯಲ್ಲಿ ಉಳಿಯುವುದಾದರೆ ಅವರ ಎಮಿರೇಟ್ಸ್ ಐಡಿ ಮತ್ತು ಮನೆಯ ಬಾಡಿಗೆ ಕರಾರಿನ ಪ್ರತಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಕತ್ತಲೆಗೆ ತೆಗೆದ, ಅಂಚು ಕತ್ತರಿಸಿಹೋದ ಸ್ಕ್ಯಾನ್ ಕಳಿಸಿ ‘ವೀಸಾ ಬರಲಿಲ್ಲ’ ಎನ್ನುವವರೇ ಬಹಳ.

ಪ್ರವೇಶ ಪರವಾನಗಿ ಸಿಕ್ಕ ದಿನದಿಂದ 60 ದಿನದೊಳಗೆ ಅಲ್ಲಿ ಕಾಲಿಡಬೇಕು. ಉಳಿಯುವ ದಿನಗಳ ಲೆಕ್ಕಕ್ಕೆ ಕಾಲಿಟ್ಟ ದಿನವೂ ಸೇರುತ್ತದೆ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಯಾವ ಎಮಿರೇಟ್‌ನ ವೀಸಾ ಆದರೂ ಏಳೂ ಎಮಿರೇಟ್‌ಗಳಲ್ಲಿ ಓಡಾಡಬಹುದು.

ತಂದೆಯವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದು ಅಚ್ಚಾಗಿದೆ. (ಕೊಪ್ಪಳ)

ಇಸಿಆರ್ ಎಂದರೆ ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’, ಹೊರಡುವ ಮುನ್ನ ನಮ್ಮ ಸರ್ಕಾರದ ಒಪ್ಪಿಗೆ (ಎಮಿಗ್ರೇಷನ್ ಕ್ಲಿಯರೆನ್ಸ್) ಬೇಕು ಎಂದರ್ಥ. ಆ ಮುದ್ರೆ ಕೆಲಸಕ್ಕೆಂದು ಹೋಗುವವರಿಗೆ ಸಂಬಂಧಿಸಿದ್ದು. ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಡ. ಆದರೂ ಪ್ರವಾಸದ ನೆಪದಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆಯೇ ಎಂದು ನಮ್ಮ ವಿಮಾನ ನಿಲ್ದಾಣದಲ್ಲೇ ವಿಚಾರಿಸುತ್ತಾರೆ. ವಾಪಸು ಟಿಕೆಟ್, ನೀವು ಅಲ್ಲಿದ್ದರೆ ನಿಮ್ಮ ಐಡಿ ಪ್ರತಿ, ನಿಮ್ಮ ಫೋನ್ ನಂಬರ್ ಅವರ ಜೇಬಿನಲ್ಲಿರಲಿ. 50 ವರ್ಷ ದಾಟಿದವರು ಈ ನಿರ್ಬಂಧದಿಂದ ಹೊರಗೆ, ಮುಂದೆ ನವೀಕರಿಸುವಾಗ ಮುದ್ರೆ ತೆಗೆಸಿಬಿಡಿ.

ಹಿಂದೆ ಶಾರ್ಜಾದಲ್ಲಿ ಕೆಲಸದಲ್ಲಿದ್ದೆ. ಈಗ ಪ್ರವಾಸಿ ವೀಸಾ ಎರಡು ಸಲ ತಿರಸ್ಕೃತವಾಯಿತು. ಕಾರಣ ಹೇಳುತ್ತಿಲ್ಲ. (ಉಡುಪಿ)

ಮೊದಲು ಅನುಮಾನಿಸಬೇಕಾದ್ದು ಹಳೆಯ ರೆಸಿಡೆನ್ಸ್ ವೀಸಾ ರದ್ದಾಗಿದೆಯೇ ಎಂಬುದನ್ನು. ರಜೆಗೆ ಬಂದು ಹಾಗೇ ಊರಲ್ಲಿ ಉಳಿದವರ ಕಡತ ಅಲ್ಲಿ ತೆರೆದೇ ಇರುತ್ತದೆ. ಅದು ಮುಚ್ಚದೆ ಹೊಸ ವೀಸಾ ಹುಟ್ಟುವುದಿಲ್ಲ. ಹಳೆಯ ಪಾಸ್‌ಪೋರ್ಟಿನ ವೀಸಾ ಪುಟದಲ್ಲಿರುವ ಫೈಲ್ ನಂಬರ್ ಹಿಡಿದು ಫೆಡರಲ್ ಪ್ರಾಧಿಕಾರವಾದ ಐಸಿಪಿ ಜಾಲತಾಣದಲ್ಲಿ ಸ್ಥಿತಿ ನೋಡಿ. ದುಬೈನಿಂದ ಆದ ವೀಸಾ ಇದ್ದರೆ ಜಿಡಿಆರ್‌ಎಫ್‌ಎ ಜಾಲತಾಣದಲ್ಲಿ ನೋಡಬೇಕು. ಹಳೆಯ ಕಂಪನಿಯಿಂದಲೇ ರದ್ದು ಮಾಡಿಸಬೇಕಾಗಬಹುದು. ‘ಪರಾರಿ’ ಎಂದು ದೂರು ದಾಖಲಾಗಿದ್ದರೆ, ಬ್ಯಾಂಕ್ ಸಾಲ ಅಥವಾ ಚೆಕ್ ಪ್ರಕರಣ ಉಳಿದಿದ್ದರೆ ಏಜೆಂಟರ ಕೈಯಲ್ಲಿ ಆಗದು, ಅಲ್ಲಿನ ವಕೀಲರನ್ನು ಹಿಡಿಯಬೇಕು. ಮೂರನೇ ಅರ್ಜಿ ಹಾಕಿ ಮತ್ತೆ ದುಡ್ಡು ಕಳೆದುಕೊಳ್ಳಬೇಡಿ.

ತಾಯಿಗೆ 68 ವರ್ಷ. ಸಕ್ಕರೆ, ಬಿಪಿ, ಕಾಲು ಉರಿ, ನಿದ್ದೆ ಇಲ್ಲದ್ದಕ್ಕೆ ಒಟ್ಟು ಏಳು ಮಾತ್ರೆ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿಕೊಂಡು ಹೋಗಬಹುದೇ? (ದಾವಣಗೆರೆ)

ಡಬ್ಬಿಗೆ ಹಾಕಬೇಡಿ. ಮಾತ್ರೆಗಳನ್ನು ಮೇಜಿನ ಮೇಲೆ ಹರಡಿ, ಪ್ರತಿ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನು ಓದಿ. ಬ್ರ್ಯಾಂಡ್ ಹೆಸರು ನೋಡಿದರೆ ಏನೂ ತಿಳಿಯದು.

ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್, ಅಮ್ಲೋಡಿಪಿನ್, ಅಟೋರ್ವಾಸ್ಟಾಟಿನ್, ಥೈರಾಕ್ಸಿನ್ ಇವೆಲ್ಲ ಮಾಮೂಲಿ. ಡಾಕ್ಟರ ಚೀಟಿಯ ಜೊತೆ ಒಯ್ದರೆ ಸಾಕು. ಎಚ್ಚರ ಬೇಕಾದ್ದು ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿರುವವುಗಳ ಬಗ್ಗೆ. ಕಾಲು ಉರಿಗೆ ಇಲ್ಲಿ ಧಾರಾಳವಾಗಿ ಬರೆದುಕೊಡುವ ಪ್ರಿಗ್ಯಾಬಲಿನ್ ಅಲ್ಲಿ ನಿಯಂತ್ರಿತ. ಮೀಥೈಲ್‌ಕೋಬಾಲಮಿನ್ ಜೊತೆ ಸೇರಿಸಿ ‘ನರದ ವಿಟಮಿನ್’ ಎಂದು ಕೊಟ್ಟಿರುತ್ತಾರೆ, ತಿನ್ನುವವರಿಗೆ ಒಳಗೇನಿದೆ ಎಂದೇ ಗೊತ್ತಿರುವುದಿಲ್ಲ. ನಿದ್ದೆ ಮತ್ತು ಆತಂಕದ ಮಾತ್ರೆಗಳಾದ ಕ್ಲೋನಾಜೆಪಾಮ್, ಆಲ್‌ಪ್ರಾಜೋಲಾಮ್, ಡಯಾಜೆಪಾಮ್ ಕೂಡ ಅದೇ ಸಾಲಿನವು. ಹೊಟ್ಟೆನೋವು, ಗ್ಯಾಸ್ ಎಂದು ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ, ಅದೂ ಇದೇ ಗುಂಪು. ಮಂಡಿನೋವಿಗೆ ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಟ್ರಮಡಾಲ್, ಕೆಮ್ಮಿನ ಸಿರಪ್‌ನಲ್ಲಿರುವ ಕೊಡೀನ್ ಇನ್ನೂ ಕಟ್ಟುನಿಟ್ಟಿನವು. ಇವನ್ನು ಪರವಾನಗಿ ಇಲ್ಲದೆ ಒಯ್ದು ಸಿಕ್ಕಿಬಿದ್ದರೆ ಮಾದಕವಸ್ತು ಕಾನೂನಿನಡಿ ಪ್ರಕರಣವಾಗುತ್ತದೆ. ‘ನಮ್ಮೂರಲ್ಲಿ ಚೀಟಿ ಇಲ್ಲದೆ ಸಿಗುತ್ತದೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಎರಡು ದಾರಿಗಳಿವೆ. ಒಂದು, ಸ್ವಂತ ಬಳಕೆಯ ಔಷಧ ಒಯ್ಯಲು ಯುಎಇ ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಮುಂಗಡ ಪರವಾನಗಿ ಪಡೆಯುವುದು. ಡಾಕ್ಟರ ಚೀಟಿ, ಕಾಯಿಲೆಯ ವರದಿ, ಪಾಸ್‌ಪೋರ್ಟ್ ಪ್ರತಿ ಸೇರಿಸಿ, ಹೊರಡುವ ದಿನಕ್ಕೆ ಎರಡು ಮೂರು ವಾರ ಇರುವಾಗಲೇ ಅರ್ಜಿ ಹಾಕಿ. ಇನ್ನೊಂದು, ಬದಲಿ ಔಷಧ ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳುವುದು. ಕಾಲು ಉರಿಗೆ ಪರ್ಯಾಯಗಳಿವೆ, ಎಲ್ಲರಿಗೂ ಹೊಂದುವುದಿಲ್ಲ. ಇದಕ್ಕೆ ತಿಂಗಳ ಮೊದಲೇ ಕೈಹಾಕಬೇಕು. ಯಾಕೆಂದರೆ ಕ್ಲೋನಾಜೆಪಾಮ್, ಪ್ರಿಗ್ಯಾಬಲಿನ್ ಎರಡನ್ನೂ ತಟ್ಟನೆ ನಿಲ್ಲಿಸುವ ಹಾಗಿಲ್ಲ. ಹಾಗೆ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವಿಮಾನ ನಿಲ್ದಾಣಕ್ಕೆ ಹೊರಟಾಗ ಹೆದರಿ ಮಾತ್ರೆ ಮನೆಯಲ್ಲೇ ಬಿಟ್ಟುಹೋಗುವುದು ಒಯ್ಯುವಷ್ಟೇ ಅಪಾಯ.

ಚೀಟಿಯಲ್ಲಿ ಔಷಧದ ಮೂಲ ಹೆಸರು, ಪ್ರಮಾಣ, ದಿನಕ್ಕೆಷ್ಟು ಸಲ, ಎಷ್ಟು ದಿನ ಎಂಬುದು ಇಂಗ್ಲಿಷಿನಲ್ಲಿ ಓದಲು ಬರುವಂತಿರಲಿ. ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಇರಲಿ. ಮೂರು ತಿಂಗಳಿಗಿಂತ ಹಳೆಯ ಚೀಟಿ ಬೇಡ. ಸ್ಟ್ರಿಪ್ಪನ್ನು ಕತ್ತರಿಸಬೇಡಿ, ಹೆಸರಿನ ಭಾಗವೇ ಹೋಗಿಬಿಡುತ್ತದೆ. ತಂಗುವ ದಿನಗಳಿಗೆ ಬೇಕಾದಷ್ಟು, ಮೇಲೆ ನಾಲ್ಕೈದು ದಿನದ್ದು, ಎಲ್ಲವೂ ಕ್ಯಾಬಿನ್ ಬ್ಯಾಗಿನಲ್ಲಿ. ಪಕ್ಕದ ಮನೆಯವರು ‘ನಮ್ಮ ಮಗನಿಗೆ ಕೊಟ್ಟುಬಿಡಿ’ ಎಂದು ಕೊಡುವ ಮಾತ್ರೆ ಪೊಟ್ಟಣ ಖಂಡಿತ ಬೇಡ. ನಾಟಿ ವೈದ್ಯರು ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ, ಭಂಗಿ ಸೊಪ್ಪು ಸೇರಿದ ಆಯುರ್ವೇದ ಔಷಧ, ಗಾಂಜಾ ಗಿಡದಿಂದ ತೆಗೆಯುವ ಸಿಬಿಡಿ ಎಣ್ಣೆ ಇವಕ್ಕೂ ಇದೇ ಉತ್ತರ.

ಮಗಳಿಗೆ ಅಂಟಿನ ಉಂಡೆ, ಮಸಾಲೆ ಪುಡಿ, ಎಲೆ ಅಡಿಕೆ ಒಯ್ಯಬೇಕೆಂದಿದ್ದೇವೆ. (ಧಾರವಾಡ)

ಅಂಟಿನ ಉಂಡೆಗೆ ಗಸಗಸೆ ಹಾಕಿದ್ದೀರಾ? ಹಾಕಿದ್ದರೆ ಬಿಟ್ಟುಬಿಡಿ. ಗಸಗಸೆ ಅಫೀಮು ಗಿಡದ ಬೀಜ. ಕಾಯಿಯ ಹಾಲಿನ ಅಂಶ ಬೀಜಕ್ಕೆ ಮೆತ್ತಿಕೊಂಡಿರುವುದರಿಂದ ಪರೀಕ್ಷೆಯಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು, ಯುಎಇಯಲ್ಲಿ ಗಸಗಸೆಯೇ ನಿಷಿದ್ಧ. ಕರ್ಜಿಕಾಯಿ ಹೂರಣ, ಬಿಸಿಬೇಳೆಬಾತ್ ಪುಡಿ, ಮಟನ್ ಮಸಾಲೆ, ಪಾಯಸದ ಮಿಕ್ಸ್ ಎಲ್ಲದರಲ್ಲೂ ಅದು ಅಡಗಿರಬಹುದು. ಮನೆಯಲ್ಲಿ ಮಾಡುವುದಾದರೆ ಗಸಗಸೆ ಇಲ್ಲದೆಯೇ ಮಾಡಿ, ಅಂಗಡಿಯದ್ದಾದರೆ ಪ್ಯಾಕೆಟ್ಟಿನ ಮೇಲಿನ ಪದಾರ್ಥಗಳ ಪಟ್ಟಿ ಓದಿ. ವೀಳ್ಯದೆಲೆ, ಪಾನ್ ಸಾಮಗ್ರಿ ಕೂಡ ದುಬೈ ಕಸ್ಟಮ್ಸ್‌ನ ನಿಷೇಧಿತ ಪಟ್ಟಿಯಲ್ಲಿವೆ. ಗುಟ್ಕಾ, ಕಡ್ಡಿಪುಡಿ ಬೇಡವೇ ಬೇಡ. ಶೇಂಗಾ ಚಟ್ನಿಪುಡಿ, ರೊಟ್ಟಿ, ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿರಿ, ಉಪ್ಪಿನಕಾಯಿ ಮಾತ್ರ ಚೆಕ್‌ಇನ್ ಲಗೇಜಿನಲ್ಲಿರಲಿ. 60,000 ದಿರ್ಹಮ್ ಮೌಲ್ಯಕ್ಕಿಂತ ಹೆಚ್ಚು ನಗದು ಇದ್ದರೆ ಘೋಷಿಸಬೇಕು.

ಜುಲೈನಲ್ಲಿ ಅಗ್ಗದ ಪ್ಯಾಕೇಜ್ ಸಿಕ್ಕಿದೆ. ನನಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ಬಿಸಿಲು ತಡೆಯುತ್ತದೆಯೇ? (ಮಂಗಳೂರು)

ಅಗ್ಗವಾಗಿರುವುದು ಬಿಸಿಲಿನಿಂದಲೇ. ನಮ್ಮನ್ನು ಕೇಳಿದರೆ ನವೆಂಬರ್‌ನಿಂದ ಮಾರ್ಚ್ ನಡುವೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಿನ ತಾಪ ಸುಲಭವಾಗಿ 40 ಡಿಗ್ರಿ ದಾಟುತ್ತದೆ, ಕರಾವಳಿಯಾದ್ದರಿಂದ ಸೆಕೆ ಬೇರೆ. ಮಂಗಳೂರಿನವರಿಗೆ ಸೆಕೆ ಹೊಸದಲ್ಲ, ಆದರೆ ಅಷ್ಟು ತಾಪದಲ್ಲಿ ಆ ಸೆಕೆ ಬೆವರನ್ನು ಆರಗೊಡುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಅಲ್ಲಿನ ಸರ್ಕಾರವೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸ ನಿಷೇಧಿಸುತ್ತದೆ. ನೀವೂ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಒಳಗೇ ಇರುವಂತೆ ಯೋಜನೆ ಹಾಕಿ. ದೇಹ ಹೊಸ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು, ಐದು ದಿನದ ಪ್ಯಾಕೇಜಿನಲ್ಲಿ ಅದು ಆಗುವುದೇ ಇಲ್ಲ.

ಹೊರಗಿರುವಾಗ ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಂದು ಲೋಟ ನೀರು ಕುಡಿಯಿರಿ. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ನೀರಿನ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಬೇಕು. ಒಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಕರಗಿಸಿ. ಲೋಟಕ್ಕೆ ಒಂದು ಚಿಟಿಕೆ ಎಂದು ಅಂದಾಜು ಹೊಡೆದರೆ ಉಪ್ಪಿನ ಲೆಕ್ಕ ಕೆಡುತ್ತದೆ. ಸಿಹಿ ಟೆಟ್ರಾಪ್ಯಾಕ್‌ಗಳು ಒಆರ್‌ಎಸ್ ಅಲ್ಲ, ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸದಂತೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರಲ್ಲಿ ತಡೆದಿದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್ ತಿನ್ನುವವರು ಬೇಗ ನೀರು ಕಳೆದುಕೊಳ್ಳುತ್ತಾರೆ. ವಾಂತಿಭೇದಿ ಆದ ದಿನ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ.

ಇನ್ಸುಲಿನ್ ಚೆಕ್‌ಇನ್ ಲಗೇಜಿಗೆ ಹೋಗಕೂಡದು, ಅಲ್ಲಿ ಹೆಪ್ಪುಗಟ್ಟಬಹುದು. ಸೂಜಿಗಳ ಜೊತೆ ವೈದ್ಯರ ಪತ್ರ ಇರಲಿ. ಬಳಕೆಯಲ್ಲಿರುವ ಪೆನ್ನು ಹೋಟೆಲ್ ಎ.ಸಿ. ಕೋಣೆಯಲ್ಲಿದ್ದರೆ ಸಾಕು, ಉಳಿದವು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ. ನಿಲ್ಲಿಸಿದ ಕಾರಿನಲ್ಲಿ ಅರ್ಧ ಗಂಟೆ ಇಟ್ಟರೂ ಶಕ್ತಿ ಕುಂದಬಹುದು. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ, ಡೋಸ್ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬೀಳದು.

ಬಿಸಿಲಲ್ಲಿದ್ದವರು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಹೀಟ್ ಸ್ಟ್ರೋಕ್. ಮೈಯಲ್ಲಿ ಬೆವರು ಇದ್ದರೂ ಆಗಿರಬಹುದು. ತಕ್ಷಣ 998ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ನೀರು ಸುರಿದು ಗಾಳಿ ಬೀಸಿ, ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡದು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಲಸಿಕೆ ಬೇಕೆ? ಮಕ್ಕಳಿಗೆ ಒಂಟೆ ಸವಾರಿ ಮಾಡಿಸಬಹುದೇ? (ಮೈಸೂರು)

ಭಾರತದಿಂದ ನೇರ ಹೋಗುವ ಪ್ರವಾಸಿಗೆ ಕೋವಿಡ್ ಪರೀಕ್ಷೆ, ಪ್ರಮಾಣಪತ್ರ ಈಗ ಕೇಳುವುದಿಲ್ಲ. ಮಕ್ಕಳ ಮಾಮೂಲಿ ಲಸಿಕೆ ಪೂರ್ತಿಯಾಗಿರಲಿ, 65 ದಾಟಿದವರು ಫ್ಲೂ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದು. ಒಂಟೆಗಳಿಂದ ಮೆರ್ಸ್ ಎಂಬ ಶ್ವಾಸಕೋಶದ ಸೋಂಕು ಹರಡುತ್ತದೆ. ಪ್ರವಾಸಿಗೆ ತಗಲುವ ಸಾಧ್ಯತೆ ಬಹಳ ಕಡಿಮೆ. ಆರೋಗ್ಯವಂತ ಮಕ್ಕಳು ಸವಾರಿ ಮಾಡಿ ಸೋಪಿನಿಂದ ಕೈ ತೊಳೆದರಾಯಿತು. ಸಕ್ಕರೆ, ಕಿಡ್ನಿ, ಶ್ವಾಸಕೋಶದ ಕಾಯಿಲೆ ಇದ್ದವರು ಒಂಟೆಯ ಹತ್ತಿರ ಹೋಗದಿರುವುದೇ ಮೇಲು. ಕಾಯಿಸದ ಒಂಟೆ ಹಾಲು ಯಾರಿಗೂ ಬೇಡ. ಮರಳುದಿಬ್ಬದ ಮೇಲೆ ಜೀಪ್ ಹಾರಿಸುವ ಸಫಾರಿ ಗರ್ಭಿಣಿಯರಿಗೆ, ಬೆನ್ನುನೋವಿನವರಿಗೆ, ಹೃದಯದ ಶಸ್ತ್ರಚಿಕಿತ್ಸೆ ಆದವರಿಗೆ ಸಲ್ಲದು.

ಅಲ್ಲಿ ಆಸ್ಪತ್ರೆ ಸೇರಬೇಕಾದರೆ? (ಬೆಳಗಾವಿ)

ಪ್ರವಾಸಿಗೆ ಅಲ್ಲಿ ಚಿಕಿತ್ಸೆ ದುಬಾರಿ, ವಿಮೆ ಇಲ್ಲದೆ ಹೊರಡಬೇಡಿ. ಪಾಲಿಸಿ ಕೊಳ್ಳುವಾಗ ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ‘ಈಗಾಗಲೇ ಇರುವ ಕಾಯಿಲೆ’ ಎಂಬ ಕಲಮನ್ನು. ಅಗ್ಗದ ಪಾಲಿಸಿಗಳಲ್ಲಿ ಬಿಪಿ, ಸಕ್ಕರೆಯಿಂದ ಹುಟ್ಟಿದ ಯಾವುದಕ್ಕೂ ಹಣ ಬರುವುದಿಲ್ಲ. ಕಾಯಿಲೆ ಮುಚ್ಚಿಟ್ಟು ಕೊಂಡರೆ ಕ್ಲೇಮ್ ಸಮಯದಲ್ಲಿ ಹಳೆಯ ಚೀಟಿಗಳೇ ಸಾಕ್ಷಿಯಾಗುತ್ತವೆ. ದಾಖಲಾದ ಕೂಡಲೇ ವಿಮೆ ಕಂಪನಿಯ ಸಹಾಯವಾಣಿಗೆ ತಿಳಿಸಿ, ತಡವಾದರೆ ನಗದುರಹಿತ ಸೌಲಭ್ಯ ಕೈತಪ್ಪುತ್ತದೆ. ಆಂಬುಲೆನ್ಸ್ 998, ಪೊಲೀಸ್ 999. ಪಾಸ್‌ಪೋರ್ಟ್ ಕಳೆದರೆ, ಕಾನೂನಿನ ತೊಡಕಾದರೆ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342, ಯುಎಇ ಒಳಗಿಂದ ಹಗಲು ರಾತ್ರಿ ಕರೆ ಮಾಡಬಹುದು.